ಪ್ರತಿಕ್ರಿಯೆ: ಪಾಲಕರ ಸಭೆಯಲ್ಲಿ ಸಹಿ ಹಾಕಿ ಬರುವುದಷ್ಟೇ ನಮ್ಮ ಕೆಲಸವೇ?

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿರುವ ಮಗಳು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರೂ ಪಾಲಕರ ಸಭೆಯಲ್ಲಿ ಸಹಿ ಹಾಕಿಸಿ ಕಳುಹಿಸುತ್ತಾರೆ ಎಂದು ತಾವು ಬರೆದಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಾರಣ ಶಿಕ್ಷಕಿಯ ಅಸಡ್ಡೆಯಲ್ಲ, ಆ ಸಭೆಯಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಎರಡೇ ನಿಮಿಷ.

ಮೊದಲು ಅವಳ ಲೆಕ್ಕದ ಪುಸ್ತಕ ತೆರೆದು ತಪ್ಪುಗಳನ್ನಷ್ಟೇ ನೋಡಿ. ನನ್ನ ಮಗ 52ರಿಂದ 27 ಕಳೆದು 35 ಎಂದು ಬರೆಯುತ್ತಿದ್ದ. ಮೇಲಿನ ಅಂಕಿ, ಕೆಳಗಿನ ಅಂಕಿ ಎಂಬುದನ್ನು ಗಮನಿಸದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆಂಬುದು ಆ ಪುಟ ತೋರಿಸಿದೊಡನೆ ಅವನ ಶಿಕ್ಷಕಿಗೆ ಹೊಳೆಯಿತು, ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ತೋರಿಸಿ ತಿದ್ದಿದರು. ಅನಂತರ, ಸಭೆಯ ದಿನವನ್ನು ಬಿಟ್ಟು, ಶಾಲೆ ಬಿಡುವ ಹೊತ್ತಿಗೆ ಹದಿನೈದು ನಿಮಿಷ ಬೇಕೆಂದು ಚೀಟಿ ಕಳುಹಿಸಿ, 'ಹೇಗೆ ಓದುತ್ತಾಳೆ' ಎನ್ನದೆ 'ಈ ಲೆಕ್ಕ ಏಕೆ ತಪ್ಪುತ್ತಿದೆ, ಮನೆಯಲ್ಲಿ ಏನು ಮಾಡಿಸಲಿ' ಎಂದು ಕೇಳಿ. ಶಿಕ್ಷಕಿಯೊಡನೆ ನಮ್ಮ ಭಾಷೆಯಲ್ಲೇ ಮಾತನಾಡಲು ಸಾಧ್ಯವಿರುವುದು ಈ ಊರಿನಲ್ಲಿ ದೊಡ್ಡ ಅನುಕೂಲ. ಹಲಗೆ ಸರಿಯಾಗಿ ಕಾಣಿಸುತ್ತದೆಯೇ ಎಂದೂ ವಿಚಾರಿಸಿ. ತೊಂದರೆ ಕಣ್ಣಿನದೋ ಕಲಿಕೆಯದೋ ಎಂದು ಇಲ್ಲಿಂದ ಹೇಳಲಾರೆ.

ಆಗಲೂ ಉತ್ತರ ಸಿಗದಿದ್ದರೆ ಶಾಲಾ ವ್ಯವಸ್ಥಾಪನ ಸಮಿತಿಗೆ ಅರ್ಜಿ ಕೊಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಶಿಕ್ಷಕರು ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆಯ ಸಾಮರ್ಥ್ಯ, ಪ್ರಗತಿಯನ್ನು ಪಾಲಕರಿಗೆ ತಿಳಿಸಬೇಕೆಂದು ಅದೇ ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಅರ್ಜಿಯಲ್ಲಿ ಈ ಕಲಮನ್ನು ನಮೂದಿಸಿ, ಒಂದು ಪ್ರತಿಯ ಮೇಲೆ ಮುಖ್ಯಾಧ್ಯಾಪಕರಿಂದ ತಲುಪಿದ ಸಹಿ ಪಡೆದು ಇಟ್ಟುಕೊಳ್ಳಿ.