ಮಗುವಿಗೆ ಜೆಇ ಬಂದರೆ ಹಂದಿಯ ರಕ್ತ ಯಾಕೆ ತೆಗೆಯುತ್ತಾರೆ?

ನಿಮ್ಮ ಊರಲ್ಲಿ ಒಂದು ಮಗುವಿಗೆ ಜಪಾನೀಸ್ ಎನ್‌ಸೆಫಲೈಟಿಸ್ (ಜೆಇ, ಸೊಳ್ಳೆಯಿಂದ ಹರಡುವ ಮಿದುಳುಜ್ವರ) ಬಂದ ಮೇಲೆ ಹಂದಿಗಳ ರಕ್ತ ತೆಗೆದರು, ಕೊಟ್ಟಿಗೆಯಲ್ಲಿ ಸೊಳ್ಳೆ ಹಿಡಿದರು, ಇದರಿಂದ ಏನುಪಯೋಗ ಅಂತ ಕೇಳಿದ್ದೀರಿ.

ಈ ವೈರಸ್ ಬೆಳ್ಳಕ್ಕಿ, ಬಕಗಳಲ್ಲಿ ಇರುತ್ತದೆ, ಹಂದಿಯಲ್ಲಿ ಹೆಚ್ಚುತ್ತದೆ. ಮನುಷ್ಯರ, ದನಗಳ ರಕ್ತದಲ್ಲಿ ಸೊಳ್ಳೆಗೆ ಅಂಟುವಷ್ಟು ಏರುವುದಿಲ್ಲ. ಸೋಂಕು ತಗುಲಿದ ನೂರಾರು ಜನರಲ್ಲಿ ಒಬ್ಬರಿಗಷ್ಟೇ ಮಿದುಳುಜ್ವರ ಬರುವುದು. ಹಾಗಾಗಿ ಒಂದು ಮಗು ಆಸ್ಪತ್ರೆ ಸೇರುವ ಹೊತ್ತಿಗೆ ವೈರಸ್ ಊರೆಲ್ಲ ಸುತ್ತಿರುತ್ತದೆ. ಅದು ಎಲ್ಲಿ, ಯಾವಾಗ ಸುತ್ತಿತು ಅಂತ ತಿಳಿಯಲು ಹಂದಿ, ಸೊಳ್ಳೆ ಎರಡನ್ನೂ ನೋಡುತ್ತಾರೆ.

ದೊಡ್ಡ ಹಂದಿಯ ರಕ್ತ ಒಂದೇ ಸಲ ತೆಗೆದರೆ ಹೆಚ್ಚು ಪ್ರಯೋಜನವಿಲ್ಲ. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ) ಸಿಕ್ಕರೂ ಈ ಮಳೆಗಾಲದ್ದೋ ಹೋದ ವರ್ಷದ್ದೋ ತಿಳಿಯದು. ಎಳೆ ಮರಿಯಲ್ಲಿ ತಾಯಿಯ ಹಾಲಿಂದ ಬಂದ ಪ್ರತಿಕಾಯವೇ ಇರುತ್ತದೆ. ಅದು ಇಳಿದ ಮರಿಗಳಿಗೆ ಕಿವಿಗೆ ಗುರುತಿನ ಬಿಲ್ಲೆ ಹಾಕಿ, ಅವೇ ಮರಿಗಳ ರಕ್ತವನ್ನು ಹದಿನೈದು ದಿನಕ್ಕೊಮ್ಮೆ ನೋಡಬೇಕು. ನೆಗೆಟಿವ್ ಇದ್ದ ಮರಿ ಪಾಸಿಟಿವ್ ಆದರೆ, ಆ ನಡುವೆ ಸೋಂಕು ತಗುಲಿದೆ ಎಂದರ್ಥ.

ಈ ವೈರಸ್ ಹರಡುವ ಮುಖ್ಯ ಸೊಳ್ಳೆ ಕ್ಯುಲೆಕ್ಸ್ ಟ್ರೈಟೀನಿಯೋರಿಂಕಸ್. ಭತ್ತದ ಗದ್ದೆಯ ನೀರಲ್ಲಿ ಹುಟ್ಟಿ, ಕತ್ತಲಾಗುತ್ತಲೇ ದನಗಳ ಮೇಲೆ ಕೂರುತ್ತದೆ. ಕೊಟ್ಟಿಗೆಗೆ ಟಾರ್ಚ್, ಆಸ್ಪಿರೇಟರ್ (ಸೊಳ್ಳೆ ಹೀರಿ ಹಿಡಿಯುವ ಕೊಳವೆ) ಹಿಡಿದು ಹೋಗುವುದು ಇದಕ್ಕೇ. ಜಾತಿವಾರು ಬೇರ್ಪಡಿಸಿ, ಒಂದು ಟ್ಯೂಬಿಗೆ ಹೆಚ್ಚೆಂದರೆ 50 ಹಾಕಿ ಅರೆದು, ಪಿಸಿಆರ್ (ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ಅಂಶ, ಹುಡುಕುವ ಪರೀಕ್ಷೆ) ಮಾಡುತ್ತಾರೆ. 1,000 ಸೊಳ್ಳೆಯ 20 ಟ್ಯೂಬುಗಳಲ್ಲಿ 2 ಪಾಸಿಟಿವ್ ಬಂದರೆ, ಸಾವಿರಕ್ಕೆ ಕನಿಷ್ಠ 2 ಸೊಳ್ಳೆಗೆ ಸೋಂಕು. ಎಡವಟ್ಟಾಗುವುದು ಎರಡು ಕಡೆ. ಹೊಟ್ಟೆ ತುಂಬ ರಕ್ತವಿರುವ ಸೊಳ್ಳೆಯನ್ನು ಹಾಗೇ ಅರೆದರೆ, ಸಿಕ್ಕ ವೈರಸ್ ಸೊಳ್ಳೆಯದೋ ಅದು ಕುಡಿದ ರಕ್ತದ್ದೋ ಗೊತ್ತಾಗದು. ರಕ್ತ ಅರಗುವವರೆಗೆ ಒಂದೆರಡು ದಿನ ಸಕ್ಕರೆ ನೀರು ಕೊಟ್ಟು ಜೀವಂತ ಇಡಬೇಕು. ಇನ್ನೊಂದು, ಲ್ಯಾಬಿಗೆ ಒಯ್ಯುವ ದಾರಿಯಲ್ಲಿ ಐಸ್ ಕರಗಿದರೆ ಆರ್‌ಎನ್‌ಎ ಕೆಡುತ್ತದೆ. ಆಮೇಲೆ ಬಂದ ‘ನೆಗೆಟಿವ್’ ನಂಬುವ ಹಾಗಿಲ್ಲ.

ಮಗುವಿನಲ್ಲಿ ವೈರಸ್ಸನ್ನೇ ಹುಡುಕಿದರೆ ಸಾಮಾನ್ಯವಾಗಿ ಸಿಗದು, ರಕ್ತದಿಂದ ಬೇಗ ಮಾಯವಾಗುತ್ತದೆ. ಐಜಿಎಂ ಎಲೈಸಾವೇ (ಹೊಸ ಸೋಂಕಿನಲ್ಲಿ ಮೊದಲು ಬರುವ ಪ್ರತಿಕಾಯ ಹುಡುಕುವ ಪರೀಕ್ಷೆ) ಆಧಾರ, ಅದೂ ಬೆನ್ನುಹುರಿಯ ನೀರಿನಲ್ಲಿ ಬಂದರೆ ಗಟ್ಟಿ. ಜ್ವರದ ಎರಡನೇ ದಿನದ ರಕ್ತ ನೆಗೆಟಿವ್ ಅಂತ ಕೈಬಿಡಬಾರದು, ವಾರ ಹತ್ತು ದಿನ ಬಿಟ್ಟು ಮತ್ತೆ ತೆಗೆಸಬೇಕು. ರಕ್ತದಲ್ಲಷ್ಟೇ ಪಾಸಿಟಿವ್ ಬಂದರೆ ಡೆಂಗಿಯ ಪ್ರತಿಕಾಯವೇ ಜೆಇ ಎಂದು ತಪ್ಪಾಗಿ ತೋರಿದ್ದೋ, ಈಚೆಗೆ ಹಾಕಿಸಿದ ಜೆಇ ಲಸಿಕೆಯದೋ ಎಂದು ವಿಚಾರಿಸಲೇಬೇಕು.

ಕೊನೆಗೆ ಹಂದಿ, ಸೊಳ್ಳೆ, ಮಗು, ಈ ಮೂರರ ತಾರೀಖುಗಳನ್ನು ಒಟ್ಟಿಗಿಟ್ಟು ನೋಡುತ್ತಾರೆ. ಜ್ವರ ಶುರುವಾದ ದಿನದಿಂದ 5ರಿಂದ 15 ದಿನ (ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಹಿಡಿಯುವ ಸಮಯ) ಹಿಂದೆ ಎಣಿಸಿ, ಆಗ ಮಗು ಯಾವ ಊರಲ್ಲಿ ಮಲಗಿತ್ತು ಅಂತ ಕೇಳುತ್ತಾರೆ. ರಜೆಗೆ ಅಜ್ಜಿ ಮನೆಗೆ ಹೋಗಿತ್ತು ಎಂದಾದರೆ ಸೊಳ್ಳೆ ಹಿಡಿಯಬೇಕಾದ್ದು ನಿಮ್ಮೂರಲ್ಲಲ್ಲ, ಅಲ್ಲಿ.