ರಾಜಧಾನಿಯಲ್ಲಿ ಮನೆ ಇದೆ, ಸಂಸತ್ತಿನಲ್ಲಿ ಮತವಿಲ್ಲ

ಪ್ರಶ್ನೆ: ನನ್ನ ಮಗಳು ವಾಷಿಂಗ್ಟನ್ ನಗರದಲ್ಲಿದ್ದಾಳೆ. ಅವಳಿಗೆ ಅಮೆರಿಕದ ಪೌರತ್ವ ಸಿಕ್ಕಿದೆ, ಅಳಿಯ ಈಗಲೂ ಭಾರತದ ಪ್ರಜೆ. ಮೊನ್ನೆ ಅವಳು ತನ್ನ ಕಾರಿನ ನಂಬರ್ ಪ್ಲೇಟಿನ ಚಿತ್ರವನ್ನು ಮೊಬೈಲಿಗೆ ಕಳುಹಿಸಿದಳು. ‘ಪ್ರಾತಿನಿಧ್ಯವಿಲ್ಲದ ತೆರಿಗೆ ಕೊನೆಗೊಳ್ಳಲಿ’ ಎಂಬರ್ಥದ ಸಾಲು ಅದರ ಅಡಿಯಲ್ಲಿತ್ತು. ಸಂಸತ್ತಿನಲ್ಲಿ ಅವರ ಪರವಾಗಿ ಮತ ಹಾಕುವವರೇ ಇಲ್ಲವಂತೆ. ಹೀಗೂ ಉಂಟೆ? ದೆಹಲಿಯಲ್ಲಿಯೂ ಹೀಗೆಯೇ?
– ನಿವೃತ್ತ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಮಗಳು ಹೇಳಿದ್ದು ನಿಜ. ಆ ಸಾಲು 2000ನೇ ಇಸವಿಯಿಂದ ಅಲ್ಲಿನ ವಾಹನಗಳ ಮೇಲಿದೆ. ‘ಕೊನೆಗೊಳ್ಳಲಿ’ ಎಂಬುದು ಆಮೇಲೆ ಸೇರಿದ್ದು.

ಇದರ ಬೇರು 1783ರಲ್ಲಿದೆ. ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಸಂಸತ್ತಿನ ಸಭೆಯನ್ನೇ ಸುತ್ತುವರಿದರು. ರಕ್ಷಣೆಗೆ ಪಡೆ ಕಳುಹಿಸಲು ಪೆನ್ಸಿಲ್ವೇನಿಯಾ ಸರಕಾರ ಮುಂದಾಗಲಿಲ್ಲ. ಆ ಕಹಿ ನೆನಪಿನಿಂದಲೇ, ರಾಜಧಾನಿ ಯಾವ ರಾಜ್ಯದ ಹಂಗಿನಲ್ಲಿಯೂ ಇರಬಾರದೆಂದು ಸಂವಿಧಾನ ಬರೆದವರು ನಿಶ್ಚಯಿಸಿದರು. 1801ರ ಕಾಯಿದೆ ಆ ಪ್ರದೇಶವನ್ನು ನೇರವಾಗಿ ಸಂಸತ್ತಿನ ಕೈಗೆ ಕೊಟ್ಟಿತು. ಅಲ್ಲಿಯವರೆಗೆ ಮೇರಿಲ್ಯಾಂಡ್, ವರ್ಜೀನಿಯಾಗಳ ಮತದಾರರಾಗಿದ್ದವರು ಯಾವ ರಾಜ್ಯಕ್ಕೂ ಸೇರದವರಾದರು. ಸಂಸತ್ತಿಗೆ ಸದಸ್ಯರನ್ನು ಆರಿಸುವ ಹಕ್ಕು ರಾಜ್ಯಗಳ ಜನರದು; ರಾಜ್ಯವಿಲ್ಲದಿದ್ದರೆ ಹಕ್ಕೂ ಇಲ್ಲ.

ಸೈನಿಕರ ಭಯಕ್ಕೆ ಕಟ್ಟಿದ ಬೇಲಿ ಇಂದು ತೆರಿಗೆ ಕಟ್ಟುವ ನಾಗರಿಕರನ್ನು ಹೊರಗಿಟ್ಟಿದೆ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. 2020ರ ಜನಗಣತಿಯಂತೆ ವಾಷಿಂಗ್ಟನ್ ನಗರದಲ್ಲಿ 6,89,545 ಜನರಿದ್ದಾರೆ. ವಯೋಮಿಂಗ್ ರಾಜ್ಯದಲ್ಲಿರುವುದು 5,76,851 ಜನ. ಅವರಿಗೆ ಇಬ್ಬರು ಸೆನೆಟರುಗಳೂ ಒಬ್ಬ ಪ್ರತಿನಿಧಿಯೂ ಇದ್ದಾರೆ.

ರಾಜಧಾನಿಯವರಿಗೆ ಏನೂ ಸಿಗಲಿಲ್ಲವೆಂದಲ್ಲ. 1961ರ ತಿದ್ದುಪಡಿಯಿಂದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಬಂತು. 1973ರ ಕಾಯಿದೆಯಿಂದ ತಮ್ಮ ಮೇಯರ್ ಮತ್ತು ನಗರ ಮಂಡಳಿಯನ್ನು ತಾವೇ ಆರಿಸುತ್ತಾರೆ. ಆದರೆ ಆ ಮಂಡಳಿ ಮಾಡಿದ ಕಾನೂನನ್ನು ಸಂಸತ್ತು ತಳ್ಳಿಹಾಕಬಹುದು. 2023ರಲ್ಲಿ ಅವರ ಹೊಸ ದಂಡಸಂಹಿತೆಗೆ ಹೀಗೆಯೇ ಆಯಿತು. ಕೆಳಮನೆಗೆ ಅವರು ಕಳುಹಿಸುವ ಪ್ರತಿನಿಧಿ ಭಾಷಣ ಮಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಯಲ್ಲಿ ಮತ ಹಾಕಬಹುದು. ಮಸೂದೆ ಅಂತಿಮವಾಗಿ ಮತಕ್ಕೆ ಬಂದಾಗ ಮಾತ್ರ ಸುಮ್ಮನೆ ಕುಳಿತಿರಬೇಕು. ಪೂರ್ಣ ರಾಜ್ಯವಾಗಿಸುವ ಮಸೂದೆಗೆ 2020 ಮತ್ತು 2021ರಲ್ಲಿ ಕೆಳಮನೆ ಒಪ್ಪಿತು, ಸೆನೆಟಿನಲ್ಲಿ ಅದು ದಡ ಸೇರಲಿಲ್ಲ.

ಮತದ ಬೆಲೆಯನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು ಬರೇ 89 ಮತಗಳ ಮೇಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಇಲ್ಲಿಯ ಕನ್ನಡಿಗರು ಎಷ್ಟು ನೊಂದರೆಂಬುದು ನಿಮ್ಮ ಮನೆಯ ಹಿರಿಯರ ಬಾಯಿಂದಲೇ ನೀವು ಕೇಳಿರುತ್ತೀರಿ. ಮರುವರ್ಷವೇ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ವಿಧಾನಸಭೆಗೆ ಹೋದರು. ರಾಜ್ಯ ಬದಲಾಗಿದ್ದರೂ ಸದನದಲ್ಲಿ ಕೈ ಎತ್ತುವ ಅಧಿಕಾರ ನಮ್ಮವರಿಗಿತ್ತು. ವಾಷಿಂಗ್ಟನ್ನಿನವರಿಗೆ ಇಲ್ಲದ್ದು ಇದೇ.

ದೆಹಲಿಯ ಸಂಗತಿ ಬೇರೆ. ಅಲ್ಲಿಂದ ಲೋಕಸಭೆಗೆ 7, ರಾಜ್ಯಸಭೆಗೆ 3 ಸದಸ್ಯರಿದ್ದಾರೆ, ಎಲ್ಲರಿಗೂ ಪೂರ್ಣ ಮತವಿದೆ. 1991ರ 69ನೇ ತಿದ್ದುಪಡಿಯಿಂದ 70 ಸ್ಥಾನಗಳ ವಿಧಾನಸಭೆಯೂ ಬಂತು. ಆದರೆ ಪೊಲೀಸ್, ಕಾನೂನು ಸುವ್ಯವಸ್ಥೆ, ಭೂಮಿ ಕೇಂದ್ರದ ಕೈಯಲ್ಲಿವೆ. ಅಲ್ಲಿಯ ಜಗಳ ಅಧಿಕಾರ ಹಂಚಿಕೆಯದು.

ನಿಮ್ಮ ಮಗಳು ಅಲ್ಲಿ ಹೆಸರು ನೋಂದಾಯಿಸಿ ಅಧ್ಯಕ್ಷರಿಗೆ, ಮೇಯರ್‌ಗೆ, ಆ ಪ್ರತಿನಿಧಿಗೆ ಮತ ಹಾಕಲಿ. ಇಲ್ಲಿ ಅವಳಿಗೆ ಇನ್ನು ಮತವಿಲ್ಲ. ಅಳಿಯನಿಗೆ ಇದೆ. ಬೇರೆ ದೇಶದ ಪೌರತ್ವ ಪಡೆಯದವರು 6ಎ ನಮೂನೆ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಅನಿವಾಸಿ ಮತದಾರರಾಗಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದುಕೊಂಡು ಅವರೇ ಮತಗಟ್ಟೆಗೆ ಬರಬೇಕು. ಮುಂದಿನ ಸಲ ಊರಿಗೆ ಬರುವ ದಿನ ಗೊತ್ತುಮಾಡುವ ಮೊದಲು ಚುನಾವಣೆಯ ತಾರೀಕನ್ನೂ ನೋಡಿಕೊಳ್ಳಲು ಅವರಿಗೆ ಹೇಳಿ.