ರಬ್ಬರ್ ಹಿಗ್ಗುವುದೇಕೆ, ಕುಗ್ಗುವುದೇಕೆ?

ಪ್ರಶ್ನೆ: ನಮ್ಮ ತೋಟದ ಒಣ ರಬ್ಬರ್ ಶೀಟಿನಿಂದ ಒಂದು ಪಟ್ಟಿ ಕತ್ತರಿಸಿ, ಎಳೆದು ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಅದೇ ರಬ್ಬರಿನಿಂದಾದ ರಬ್ಬರ್ ಬ್ಯಾಂಡ್ ಸರಕ್ಕನೆ ಮೊದಲಿನಂತಾಗುತ್ತದೆ. ಶೀಟಿನಲ್ಲೇ ದೋಷವಿದೆಯೇ? — ರಬ್ಬರ್ ಬೆಳೆಗಾರರು, ಸುಳ್ಯ

ಉತ್ತರ: ದೋಷವಿಲ್ಲ. ಕಚ್ಚಾ ರಬ್ಬರಿನ ಗುಣವೇ ಅದು.

ರಬ್ಬರ್ ಹಾಲಿನಲ್ಲಿರುವುದು ಐಸೋಪ್ರೀನ್ ಎಂಬ ಸಣ್ಣ ಘಟಕಗಳು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಕೂಡಿಕೊಂಡ ಉದ್ದನೆಯ ಅಣುಸರಪಳಿ. ಪ್ರತಿ ಘಟಕದಲ್ಲೂ ಇಂಗಾಲದ ಒಂದು ದ್ವಿಬಂಧವಿದೆ. ಸರಪಳಿ ಮುಂದುವರಿಯುವ ಎರಡೂ ತುದಿಗಳು ಆ ದ್ವಿಬಂಧದ ಒಂದೇ ಬದಿಗಿರುತ್ತವೆ. ಇದಕ್ಕೆ ಸಿಸ್ ರಚನೆ ಎನ್ನುತ್ತಾರೆ. ಹಾಗಾಗಿ ಸರಪಳಿಗಳು ನೆಟ್ಟಗೆ ನಿಂತು ಒತ್ತೊತ್ತಾಗಿ ಜೋಡಣೆಯಾಗುವುದು ಕಷ್ಟ. ಮಾಮೂಲಿ ಉಷ್ಣತೆಯಲ್ಲಿ ಅವು ಮುದುಡಿ, ಒಂದರೊಳಗೊಂದು ಸಿಕ್ಕಿಕೊಂಡು, ಸದಾ ಮಿಸುಕಾಡುತ್ತಿರುತ್ತವೆ. ಎಳೆದಾಗ ಬಿಚ್ಚಿಕೊಳ್ಳುತ್ತವೆ, ಬಿಟ್ಟಾಗ ಮತ್ತೆ ಮುದುಡುತ್ತವೆ.

ಆದರೆ ನಿಮ್ಮ ಶೀಟಿನಲ್ಲಿ ಒಂದು ಸರಪಳಿಯನ್ನು ಇನ್ನೊಂದಕ್ಕೆ ಕಾಯಂ ಆಗಿ ಕಟ್ಟಿದ ಗಂಟುಗಳಿಲ್ಲ. ಥಟ್ಟನೆ ಎಳೆದು ಬಿಟ್ಟರೆ ಸಿಕ್ಕುಗಳೇ ತಡೆದು ಬಹುಪಾಲು ಹಿಂದಕ್ಕೆ ತರುತ್ತವೆ. ಎಳೆದು ಹಿಡಿದರೆ ಸರಪಳಿಗಳು ಮೆಲ್ಲಗೆ ಜಾರಿ ಹೊಸ ಜಾಗ ಹಿಡಿಯುತ್ತವೆ. ಇನ್ನೊಂದು ಕಾರಣವೂ ಇದೆ: ಹಲವು ಪಟ್ಟು ಎಳೆದಾಗ ಸರಪಳಿಗಳು ಸಾಲುಗಟ್ಟಿ ಅಲ್ಲಲ್ಲಿ ಸಣ್ಣ ಹರಳುಗಳಾಗುತ್ತವೆ. ಎರಡನ್ನೂ ಬೇರ್ಪಡಿಸಿ ನೋಡಬಹುದು. ಉದ್ದವಾಗಿಯೇ ಉಳಿದ ಪಟ್ಟಿಯನ್ನು ಬಿಸಿನೀರಿಗೆ ಹಾಕಿ. ಹರಳು ಕರಗಿ ಪಟ್ಟಿ ಕುಗ್ಗುತ್ತದೆ. ಆಮೇಲೂ ಉಳಿದ ಹೆಚ್ಚುವರಿ ಉದ್ದವೇ ಜಾರಿದ ಲೆಕ್ಕ.

ಗಂಟು ಹಾಕುವ ಕೆಲಸ ಗಂಧಕದ್ದು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಒಂದು ಸರಳ ಮಿಶ್ರಣ ಹೀಗಿದೆ: ರಬ್ಬರ್ 100 ಭಾಗ, ಝಿಂಕ್ ಆಕ್ಸೈಡ್ 6, ಸ್ಟಿಯರಿಕ್ ಆಮ್ಲ 0.5, ವೇಗವರ್ಧಕ ಎಂಬಿಟಿ 0.5, ಗಂಧಕ 3.5, ಎಲ್ಲವೂ ತೂಕದಲ್ಲಿ. ಎರಡು ರೋಲಿನ ಮಿಲ್ಲಿನಲ್ಲಿ ಮೊದಲು ರಬ್ಬರನ್ನು ಮೆದುಗೊಳಿಸಿ, ಉಳಿದವನ್ನು ಸೇರಿಸಿ, ಗಂಧಕವನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ರೋಲಿನ ಶಾಖಕ್ಕೇ ಗಂಟು ಬೀಳತೊಡಗಿ ಮಿಶ್ರಣ ಗಡುಸಾಗುತ್ತದೆ, ಅಚ್ಚಿನಲ್ಲಿ ಹರಿಯುವುದಿಲ್ಲ. ಬಳಿಕ 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೆಸ್ಸಿನಡಿ ಬೇಯಿಸುತ್ತಾರೆ. ಬೇಯುವುದು ಕಡಿಮೆಯಾದರೆ ವಸ್ತು ಎಳೆದಷ್ಟೇ ಉಳಿಯುತ್ತದೆ. ಅತಿಯಾದರೆ ಗಂಟುಗಳೇ ಕಳಚಿ ಮತ್ತೆ ಮೆತ್ತಗಾಗುತ್ತದೆ. ಗಂಧಕವನ್ನು 30 ಭಾಗಕ್ಕಿಂತ ಹೆಚ್ಚಿಸಿದರೆ ಸರಪಳಿಗೆ ಅಲುಗಾಡಲು ಜಾಗವೇ ಇಲ್ಲದೆ ಎಬೊನೈಟ್ ಎಂಬ ಗಟ್ಟಿ ವಸ್ತುವಾಗುತ್ತದೆ. ಹಿಗ್ಗಿ ಕುಗ್ಗಲು ಗಂಟು ಬೇಕು, ಆದರೆ ವಿರಳವಾಗಿರಬೇಕು.

ಬೆಳೆಗಾರರ ಕೈಯಲ್ಲಿರುವುದು ಸರಪಳಿಯ ಉದ್ದ ಕಾಪಾಡುವುದು. ಹಾಲನ್ನು ತಾಮ್ರ, ಹಿತ್ತಾಳೆ ಪಾತ್ರೆಗೆ ಸೋಕಿಸಬೇಡಿ. ತಾಮ್ರದ ಅಂಶ ಎಷ್ಟು ಸಣ್ಣದಿದ್ದರೂ ಗಾಳಿಯ ಆಮ್ಲಜನಕ ಸರಪಳಿ ಕಡಿಯುವುದನ್ನು ಚುರುಕುಗೊಳಿಸುತ್ತದೆ. ಹೆಪ್ಪಾಗಿಸಲು ಫಾರ್ಮಿಕ್ ಆಮ್ಲವೇ ಒಳ್ಳೆಯದು, ಅದೂ ಅಳೆದು, ನೀರಿಗೆ ಬೆರೆಸಿ ಹಾಕಿ. ಶೀಟು ಒಣಗಿಸುವ ಹೊಗೆಮನೆಯ ಉಷ್ಣತೆ 60 ಡಿಗ್ರಿ ದಾಟದಿರಲಿ, ದಾಟಿದರೆ ಶೀಟಿನಲ್ಲಿ ಗುಳ್ಳೆ ಏಳುತ್ತದೆ. ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟ ಶೀಟು ಅಂಟಂಟಾದರೆ ಸರಪಳಿ ತುಂಡಾಗಿದೆ ಎಂದೇ ಅರ್ಥ. ಮುಂದೆ ಎಷ್ಟು ಗಂಧಕ ಹಾಕಿದರೂ ಆ ಬಲ ಮರಳುವುದಿಲ್ಲ.

ಪ್ರಶ್ನೆ: ಕಾಯಿಸಿದರೆ ಲೋಹದ ತಂತಿ ಉದ್ದವಾಗುತ್ತದೆ, ತೂಕ ಕಟ್ಟಿದ ರಬ್ಬರ್ ಗಿಡ್ಡವಾಗುತ್ತದೆ ಎಂದು ಓದಿದೆ. ನಿಜವೇ? ಮನೆಯಲ್ಲಿ ನೋಡಬಹುದೇ? — ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜ. 1805ರಲ್ಲಿ ಇಂಗ್ಲೆಂಡಿನ ಜಾನ್ ಗಾಫ್ ಇದನ್ನು ವರದಿ ಮಾಡಿದರು. 1859ರಲ್ಲಿ ಭೌತವಿಜ್ಞಾನಿ ಜೂಲ್ ಅಳತೆ ಮಾಡಿ ಪ್ರಕಟಿಸಿದರು. ತಂತಿಯನ್ನು ಎಳೆದಾಗ ಪರಮಾಣುಗಳ ನಡುವಿನ ಬಂಧವೇ ಹಿಗ್ಗುತ್ತದೆ. ರಬ್ಬರಿನಲ್ಲಿ ಬಂಧದ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬದಲಾಗುವುದು ಸರಪಳಿಯ ಭಂಗಿ. ಮುದುಡಿರಲು ಅಸಂಖ್ಯ ಭಂಗಿಗಳಿವೆ, ನೀಳವಾಗಿರಲು ಕೆಲವೇ. ಎಳೆದಾಗ ಎಂಟ್ರೋಪಿ (ಎಷ್ಟು ಭಂಗಿಗಳು ಸಾಧ್ಯ ಎಂಬುದರ ಅಳತೆ) ಕಡಿಮೆಯಾಗುತ್ತದೆ, ಬಿಟ್ಟಾಗ ಮತ್ತೆ ಏರುತ್ತದೆ. ರಬ್ಬರ್ ಹಿಂದಕ್ಕೆ ಎಳೆಯುವ ಬಲದ ಬಹುಭಾಗ ಇದರಿಂದಲೇ. ಉಷ್ಣತೆ ಏರಿದಂತೆ ಸರಪಳಿಗಳ ಕುಣಿತ ಜೋರಾಗಿ ಆ ಎಳೆತವೂ ಬಲಗೊಳ್ಳುತ್ತದೆ.

ಅಗಲದ ಹೊಸ ರಬ್ಬರ್ ಬ್ಯಾಂಡೊಂದನ್ನು ಮೊಳೆಗೆ ತೂಗುಹಾಕಿ. ಅದು ಎರಡು-ಮೂರು ಪಟ್ಟು ಉದ್ದವಾಗುವಷ್ಟು ತೂಕ ಕಟ್ಟಿ ಅರ್ಧ ಗಂಟೆ ಬಿಡಿ. ಮೊದಮೊದಲು ಅದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಕಾಯದೆ ಶುರು ಮಾಡಿದರೆ ಈ ಇಳಿತ ಫಲಿತಾಂಶವನ್ನು ಮುಚ್ಚಿಹಾಕುತ್ತದೆ. ಹಿಂದೆ ಕಾಗದ ಅಂಟಿಸಿ ತೂಕದ ತಳಕ್ಕೆ ಗೆರೆ ಎಳೆಯಿರಿ. ಹೇರ್ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಹಿಡಿದು ಮೇಲಿಂದ ಕೆಳಗೆ ಅರ್ಧ ನಿಮಿಷ ಆಡಿಸಿ. ತೂಕ ಕೆಲವು ಮಿಲಿಮೀಟರ್ ಮೇಲೇರುತ್ತದೆ, ಆರಿದ ಮೇಲೆ ಇಳಿಯುತ್ತದೆ. ತೂಕ ತೀರಾ ಕಡಿಮೆಯಿದ್ದು ಬ್ಯಾಂಡ್ ಶೇಕಡಾ 10ಕ್ಕಿಂತ ಕಡಿಮೆ ಉದ್ದವಾಗಿದ್ದರೆ ಮಾಮೂಲಿ ಹಿಗ್ಗುವಿಕೆಯೇ ಗೆದ್ದು ಉಲ್ಟಾ ಫಲಿತಾಂಶ ಬರುತ್ತದೆ. ಬಿರುಕಿರುವ ಹಳೇ ಬ್ಯಾಂಡ್ ಬೇಡ, ತುಂಡಾಗಿ ಕಣ್ಣಿಗೆ ಹೊಡೆಯಬಹುದು.

ಡ್ರೈಯರ್ ಇಲ್ಲದಿದ್ದರೆ ಬ್ಯಾಂಡನ್ನು ಒಮ್ಮೆಲೇ ಎಳೆದು ತುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ಎಳೆದೇ ಅರ್ಧ ನಿಮಿಷ ಹಿಡಿದು, ಸಡಿಲಿಸಿ ತಕ್ಷಣ ತಾಗಿಸಿ, ತಣ್ಣಗಿರುತ್ತದೆ.

ಪ್ರಶ್ನೆ: ಹಲ್ಲಿನ ಬೇರುನಾಳಕ್ಕೆ ತುಂಬುವ ಗಟಾಪರ್ಚಾ ಕೂಡ ಐಸೋಪ್ರೀನಿನದೇ. ಅದೇಕೆ ಹಿಗ್ಗುವುದಿಲ್ಲ? — ದಂತವೈದ್ಯಕೀಯ ವಿದ್ಯಾರ್ಥಿ, ಮಂಗಳೂರು

ಉತ್ತರ: ಅದರ ರಚನೆ ಟ್ರಾನ್ಸ್. ಸರಪಳಿ ಮುಂದುವರಿಯುವ ತುದಿಗಳು ದ್ವಿಬಂಧದ ಎದುರುಬದುರು ಬದಿಗಿರುವುದರಿಂದ ಸರಪಳಿ ಹೆಚ್ಚು ನೇರ. ಪಕ್ಕಪಕ್ಕ ಕೂತು ಸುಲಭವಾಗಿ ಹರಳಾಗುತ್ತದೆ, ಆದ್ದರಿಂದ ಮಾಮೂಲಿ ಉಷ್ಣತೆಯಲ್ಲಿ ಗಟ್ಟಿ. ಸುಮಾರು 60 ಡಿಗ್ರಿಯಲ್ಲಿ ಮೆದುವಾಗುತ್ತದೆ. ನಾಳದೊಳಗೆ ಬಿಸಿ ಮಾಡಿ ಒತ್ತಿ ತುಂಬಲು ಆಗುವುದು ಅದರಿಂದಲೇ.

ಪ್ರಶ್ನೆ: ಬಳಸದೆ ಇಟ್ಟ ಸೈಕಲ್ ಟೈರಿನ ಬದಿ ಬಿರುಕು ಬಿಟ್ಟಿದೆ. ಬಿಸಿಲಿಗೂ ಇಟ್ಟಿರಲಿಲ್ಲ. — ಸೈಕಲ್ ಅಂಗಡಿಯವರು, ದಾವಣಗೆರೆ

ಉತ್ತರ: ಬಿರುಕುಗಳು ಎಳೆತದ ದಿಕ್ಕಿಗೆ ಅಡ್ಡವಾಗಿದ್ದರೆ ಅದು ಓಝೋನಿನ ಕೆಲಸ. ರಬ್ಬರಿಗೆ ಬಳುಕು ಕೊಡುವ ದ್ವಿಬಂಧವನ್ನೇ ಅದು ಹುಡುಕಿ ಕಡಿಯುತ್ತದೆ. ಹಿಗ್ಗಿದ ಸ್ಥಿತಿಯಲ್ಲಿದ್ದರೆ ಕಡಿದ ಜಾಗ ಬಾಯ್ದೆರೆದು ಒಳಗಿನ ಹೊಸ ಮೈ ಸಿಗುತ್ತದೆ. ಟೈರಿಗೆ ಬೆರೆಸಿದ ಮೇಣ ಮೇಲೆ ಬಂದು ತೆಳು ಪದರವಾಗಿ ಇದನ್ನು ತಡೆಯುತ್ತದೆ. ಆದ್ದರಿಂದ ಬಿಳಿ ಪುಡಿಯಂತೆ ಕಾಣುವ ಆ ಪದರವನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯಬೇಡಿ. ಎಣ್ಣೆ ರಬ್ಬರಿನೊಳಕ್ಕೂ ಇಳಿದು ಅದನ್ನು ಊದಿಸುತ್ತದೆ. ಮಡಚಿದ ಟೈರುಗಳನ್ನು ಬಿಚ್ಚಿ ಸಡಿಲವಾಗಿಡಿ. ಕಿಡಿ ಹಾರುವ ಗ್ರೈಂಡರ್ ಮೋಟರು, ವೆಲ್ಡಿಂಗ್ ಮೆಷಿನ್‌ಗಳ ಹತ್ತಿರ ಇಡಬೇಡಿ, ಅಲ್ಲಿ ಓಝೋನ್ ಹುಟ್ಟುತ್ತದೆ. ಬಿರುಕಿನಲ್ಲಿ ಒಳಗಿನ ನೂಲು ಕಂಡರೆ ಆ ಟೈರನ್ನು ಮಾರಬೇಡಿ.